ರೆಸ್ಕ್ಯೂ ಬೋಟ್: ಮೊದಲು ಪೇಂಟರ್, ಆಮೇಲೆ ಹುಕ್ಕು

ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಹಡಗಿನಿಂದ ಇಳಿಸುವ ಸಣ್ಣ ದೋಣಿಯೇ ರೆಸ್ಕ್ಯೂ ಬೋಟ್. ಅದನ್ನು ಇಳಿಸಿ ಎತ್ತುವ ಡ್ರಿಲ್‌ಗೆ ಹೊಸಬರು ಬಂದರೆ ಅವರ ಕಣ್ಣೆಲ್ಲ ಬೋಟನ್ನು ವೈರಿಗೆ ನೇತುಹಾಕಿರುವ ಹುಕ್ಕಿನ ಮೇಲೆ. ನಾನು ಮೊದಲು ತೋರಿಸುವುದು ಪೇಂಟರ್ ಹಗ್ಗ. ಅದು ಬೋಟಿನ ಮೂತಿಯಿಂದ ಹೊರಟು, ಹಡಗಿನ ಡೆಕ್ ಮೇಲೆ ಸಾಕಷ್ಟು ಮುಂದೆ ಬಿಗಿಯಾಗಿ ಕಟ್ಟಿರಬೇಕು. ನಡುವೆ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ಅದರ ಜೊತೆಗೇ ನಡೆದುಕೊಂಡು ಹೋಗಿ ನೋಡಿ. ಹಡಗು 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ವೇಗದಲ್ಲಿ ಮುಂದೆ ಸಾಗುತ್ತಿದ್ದರೂ ಶಾಂತ ನೀರಿನಲ್ಲಿ ಬೋಟ್ ಇಳಿಸಲು ಬರಬೇಕು ಅಂತ ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಹೇಳುತ್ತದೆ. ಆಗ ಬೋಟನ್ನು ಹಡಗಿನ ಜೊತೆ ಎಳೆದುಕೊಂಡು ಹೋಗುವುದು ಈ ಹಗ್ಗವೇ.

ಹೆಲ್ಮೆಟ್, ಲೈಫ್ ಜಾಕೆಟ್, ರೇಡಿಯೋ, ಬೋಟಿನ ತಳದ ಬಿರಡೆ ನೋಡಿಕೊಳ್ಳಿ. ಬ್ರಿಡ್ಜ್‌ನವರು (ಹಡಗು ನಡೆಸುವ ಕೋಣೆಯಲ್ಲಿರುವವರು) ಹಡಗು ತಿರುಗಿಸಿ ಬೋಟಿನ ಕಡೆಗೆ ಗಾಳಿ ಮರೆ ಮಾಡಿಕೊಡುವ ತನಕ ಕಾಯಿರಿ. ನೀರು ಮುಟ್ಟುವ ಮೊದಲೇ ಎಂಜಿನ್ ಚಾಲೂ ಆಗಿರಲಿ.

ಅಲೆ ಕೆಳಗಿಂದ ಬಂದು ಬೋಟನ್ನು ಎತ್ತುತ್ತದೆ. ವೈರ್ ಸಡಿಲ ಬೀಳುತ್ತದೆ. ಹುಕ್ಕು ಬಿಡಬೇಕಾದದ್ದು ಆಗಲೇ, ಅಲೆಯ ನೆತ್ತಿಯ ಮೇಲೆ. ತಡ ಮಾಡಿದರೆ ಅಲೆ ಇಳಿದುಬಿಡುತ್ತದೆ, ಬೋಟ್ ವೈರಿಗೆ ನೇತುಬಿದ್ದು ಜಗ್ಗುತ್ತದೆ. ಬಿಟ್ಟ ಮೇಲೆ ತಲೆ ತಗ್ಗಿಸಿ, ಮೇಲಿನ ಬ್ಲಾಕ್ (ವೈರಿನ ತುದಿಯ ಭಾರದ ತುಂಡು) ತೂಗಾಡುತ್ತಿರುತ್ತದೆ. ಚುಕ್ಕಾಣಿಯನ್ನು ಹೊರಕ್ಕೆ ತಿರುಗಿಸಿ. ಪೇಂಟರ್ ಬಿಗಿಯಾಗಿರುವಾಗ ಬೋಟ್ ತಾನಾಗೇ ಹಡಗಿನಿಂದ ದೂರ ಸರಿಯುತ್ತದೆ, ನೋಡೋಕೆ ಎಷ್ಟು ಚೆಂದ ಅಲ್ವಾ! ಆಮೇಲೆ ಎಂಜಿನ್ ಕೊಟ್ಟು ಸ್ವಲ್ಪ ಮುಂದೆ ಹೋಗಿ, ಹಗ್ಗ ಸಡಿಲವಾದಾಗ ಬಿಡಿ. ಡೆಕ್‌ನವರು ಅದನ್ನು ತಕ್ಷಣ ಮೇಲೆಳೆಯಲಿ, ಇಲ್ಲದಿದ್ದರೆ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ.

ವಾಪಸ್ ಎತ್ತುವುದು ಇಳಿಸುವುದಕ್ಕಿಂತ ಕಷ್ಟ. ಸುಸ್ತಾಗಿರುತ್ತೀರಿ, ಬೋಟಿನಲ್ಲಿ ಗಾಯಾಳು ಮಲಗಿರಬಹುದು. ಹಿಂದಿನಿಂದ ಬಂದು ಹಡಗಿನ ವೇಗಕ್ಕೆ ಸರಿಯಾಗಿ ಪಕ್ಕಕ್ಕೆ ಸೇರಿ. ಪೇಂಟರ್ ಹಿಡಿದು ಸಿಕ್ಕಿಸಿ, ಬೋಟ್ ಅದರ ಮೇಲೆ ಸುಮ್ನೆ ನಿಲ್ಲಲಿ. ಆಮೇಲೆ ಹುಕ್ಕು. ತೂಗಾಡುವ ಬ್ಲಾಕನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅದಕ್ಕೆ ಕಟ್ಟಿದ ಸಣ್ಣ ಹಗ್ಗದಿಂದ ಎಳೆದುಕೊಳ್ಳಿ. ಹುಕ್ಕಿಗೆ ಸಿಕ್ಕಿಸುವ ರಿಂಗನ್ನು ಪಕ್ಕದಿಂದ ಹಿಡಿಯಿರಿ, ರಿಂಗ್ ಮತ್ತು ಹುಕ್ಕಿನ ನಡುವೆ ಬೆರಳು ಇಡಲೇಬೇಡಿ. ಲಾಕ್ ಪೂರ್ತಿ ಕೂತಿದೆ ಅಂತ ಕಣ್ಣಾರೆ ನೋಡಿದ ಮೇಲೇ ಮೇಲಿನವರಿಗೆ ಕೈ ತೋರಿಸಿ.

ವಿಂಚ್ (ವೈರ್ ಸುತ್ತುವ ಯಂತ್ರ) ನಡೆಸುವವರು ಬೋಟ್ ಏರುವಾಗ ಸಡಿಲವನ್ನು ಸುತ್ತಿಕೊಂಡು, ಅಲೆಯ ನೆತ್ತಿಯಲ್ಲಿ ಎತ್ತಬೇಕು. ಬೋಟ್ ಡೇವಿಟ್ (ಅದನ್ನು ಇಳಿಸಿ ಎತ್ತುವ ಕ್ರೇನಿನಂಥ ತೋಳು) ಹತ್ತಿರ ಬಂದಾಗ ಲಿಮಿಟ್ ಸ್ವಿಚ್ ವಿಂಚನ್ನು ತಾನಾಗೇ ನಿಲ್ಲಿಸುತ್ತದೆ ಅಂತ ನಂಬಿ ಕೂರಬೇಡಿ. ಅದು ಕೈಕೊಟ್ಟರೆ ವೈರ್ ಕಿತ್ತುಹೋಗಬಹುದು, ಒಳಗೆ ಜನರಿರುತ್ತಾರೆ. ಡ್ರಿಲ್‌ಗೆ ಮೊದಲೇ ಸ್ವಿಚ್ಚನ್ನು ಕೈಯಿಂದ ಒತ್ತಿ ವಿಂಚ್ ನಿಲ್ಲುತ್ತದಾ ನೋಡಿ. ಎತ್ತುವಾಗ ಸ್ವಿಚ್ ತನಕ ಹೋಗದೆ ಮೊದಲೇ ಬಟನ್ ಬಿಡಿ.