ಸಂಜೆ ಗೀಸರ್ ಯಾಕೆ ನಿಧಾನ? ಲೆಕ್ಕ ಹಾಕಿ ನೋಡಿ

ಸಂಜೆ ಏಳಕ್ಕೆ ಗೀಸರ್ ಹಾಕಿದರೆ ನೀರು ಕಾಯೋದೇ ಇಲ್ಲ, ರಾತ್ರಿ ಹನ್ನೊಂದಕ್ಕೆ ಹಾಕಿದರೆ ಬೇಗ ಕಾಯುತ್ತದೆ. ಹಳ್ಳಿಗಳಲ್ಲಿ, ಊರಂಚಿನ ಬಡಾವಣೆಗಳಲ್ಲಿ ಇದು ಮಾಮೂಲಿ ದೂರು. ಕಾಯಿಲ್ ಹೋಗಿದೆ ಅಂತ ಹೆಚ್ಚಿನವರು ರಿಪೇರಿಯವರಿಗೆ ಫೋನ್ ಮಾಡುತ್ತಾರೆ. ತಪ್ಪು ಕಾಯಿಲಿನದಲ್ಲ, ಸಂಜೆ ಇಳಿಯುವ ವೋಲ್ಟೇಜಿನದ್ದಿರಬಹುದು. ಫೋನ್ ಮಾಡುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಗೀಸರಿನ ಸ್ಟಿಕ್ಕರ್ ಓದಿ. 2000 ವ್ಯಾಟ್, 230 ವೋಲ್ಟ್ ಅಂತ ಇದೆ ಅಂದುಕೊಳ್ಳೋಣ. ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವ್ಯಾಟ್. ಹಾಗಾಗಿ 2000ವನ್ನು 230ರಿಂದ ಭಾಗಿಸಿ. 8.7 ಆಂಪಿಯರ್ ಬಂತು. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಗೀಸರ್ ಹಾಕಬಾರದು ಅನ್ನುವುದು ಇದಕ್ಕೇ.

ಈಗ ರೋಧ, ಅಂದರೆ ಕರೆಂಟ್ ಹರಿಯುವುದಕ್ಕೆ ಕಾಯಿಲ್ ಒಡ್ಡುವ ತಡೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. 230 ಭಾಗಿಸು 8.7, ಅಂದರೆ ಸುಮಾರು 26.4 ಓಮ್. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ, ಅಲ್ವಾ?

ಕಾಯಿಲ್ ನಿಜಕ್ಕೂ ಚೆನ್ನಾಗಿದೆಯಾ ಅಂತ ಈ 26.4 ಹೇಳಿಬಿಡುತ್ತದೆ. ಪ್ಲಗ್ ಕಿತ್ತು ಹೊರಗೆ ತೆಗೆಯಿರಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳಿಗೆ ಮುಟ್ಟಿಸಿ. 26ರ ಆಸುಪಾಸು ತೋರಿಸಿದರೆ ಕಾಯಿಲಿಗೆ ಏನೂ ಆಗಿಲ್ಲ. ಆದರೆ ಇದನ್ನು ನೀರು ತಣ್ಣಗಿದ್ದಾಗಲೇ ಮಾಡಿ. ನೀರು ಬಿಸಿ ಇದ್ದರೆ ಥರ್ಮೋಸ್ಟಾಟ್ ಕಟ್ ಆಗಿರುತ್ತದೆ, ಮೀಟರ್ ಏನೂ ತೋರಿಸುವುದಿಲ್ಲ. ಎಷ್ಟೋ ಒಳ್ಳೇ ಕಾಯಿಲ್‌ಗಳು ಹೀಗೆ ಸುಮ್ನೆ ಗುಜರಿಗೆ ಹೋಗಿಬಿಡುತ್ತವೆ.

ಇನ್ನು ಸಂಜೆಯ ವೋಲ್ಟೇಜ್ ನೋಡಬೇಕು. ಗೀಸರ್ ಓಡುತ್ತಿರುವಾಗಲೇ ನೋಡಿ. ಆಫ್ ಇದ್ದಾಗ 200 ತೋರಿಸುವ ಲೈನು ಲೋಡ್ ಬಿದ್ದ ಕೂಡಲೇ ಕುಸಿಯಬಹುದು. ಸ್ಟೆಬಿಲೈಸರ್ ಮೇಲಿನ ಇನ್‌ಪುಟ್ ಅಂಕಿಯೂ ಸಾಕು. ಸಾಕೆಟ್ಟಿಗೆ ಮೀಟರಿನ ಪ್ರೋಬ್ (ಮೊನೆಕಡ್ಡಿ) ಹಾಕಿ ಅಭ್ಯಾಸ ಇಲ್ಲದವರು ಆ ಸಾಹಸಕ್ಕೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಕರೆಂಟ್ ಅಳೆಯಲು ಕ್ಲ್ಯಾಂಪ್ ಮೀಟರ್ ಬೇಕು. ಅದನ್ನು ಫೇಸ್ ವೈರ್ ಒಂದಕ್ಕೇ ಸಿಕ್ಕಿಸಬೇಕು. ಎರಡೂ ವೈರ್ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ.

ಸಂಜೆ 180 ವೋಲ್ಟ್ ಬಂತು ಅನ್ನಿ. ಕಾಯಿಲಿನ ರೋಧ ಹೆಚ್ಚುಕಮ್ಮಿ ಹಾಗೇ ಇರುತ್ತದೆ. 180 ಭಾಗಿಸು 26.4, ಅಂದರೆ 6.8 ಆಂಪಿಯರ್. 180 ಗುಣಿಸು 6.8, ಅಂದರೆ 1224 ವ್ಯಾಟ್. ವೋಲ್ಟೇಜ್ ಇಳಿದಿದ್ದು ಶೇ 22ರಷ್ಟು, ಪವರ್ ಮಾತ್ರ ಶೇ 39ರಷ್ಟು ಬಿತ್ತು! ವೋಲ್ಟ್ ಇಳಿದಾಗ ಆಂಪಿಯರೂ ಜೊತೆಗೆ ಇಳಿಯುತ್ತದೆ, ಗುಣಿಸುವಾಗ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 2000 ವ್ಯಾಟಿಗೆ 18 ನಿಮಿಷ ಸಾಕು. 1224 ವ್ಯಾಟಿಗೆ ಅರ್ಧ ಗಂಟೆ ಬೇಕು. ಬಿಲ್ ಜಾಸ್ತಿ ಬರುತ್ತದೆ ಅನ್ನುವ ಭಯ ಬೇಡ. ಪವರ್ ಕಡಿಮೆ, ಹೊತ್ತು ಜಾಸ್ತಿ, ಯೂನಿಟ್ ಹೆಚ್ಚುಕಮ್ಮಿ ಅಷ್ಟೇ.

ಯಾವ ಉಪಕರಣವೂ ಇಲ್ಲವಾ? ಮನೆಯ ವಿದ್ಯುತ್ ಮೀಟರ್ ಇದೆಯಲ್ಲ. ಅದರಲ್ಲಿ ಮಿಣುಕುವ ಕೆಂಪು ದೀಪದ ಹತ್ತಿರ ಒಂದು ಅಂಕಿ ಬರೆದಿರುತ್ತದೆ. 3200 ಅಂತ ಇದ್ದರೆ, ಒಂದು ಯೂನಿಟ್ಟಿಗೆ, ಅಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ, 3200 ಸಲ ಮಿಣುಕುತ್ತದೆ ಅಂತ. ಫ್ರಿಜ್ ಸೇರಿ ಎಲ್ಲ ಆಫ್ ಮಾಡಿ, ಗೀಸರ್ ಒಂದೇ ಇಟ್ಟು, ಒಂದು ನಿಮಿಷ ಎಣಿಸಿ. 65 ಸಲ ಬಂದರೆ 65 ಗುಣಿಸು 60, ಭಾಗಿಸು 3200. ಉತ್ತರ 1.22 ಕಿಲೋವ್ಯಾಟ್. ನಮ್ಮ ಲೆಕ್ಕವೂ ಅದೇ ಹೇಳಿತ್ತು. ಪೂರ್ತಿ ವೋಲ್ಟೇಜ್ ಇದ್ದರೆ 107 ಸಲ ಮಿಣುಕಬೇಕು. ಸಂಜೆ, ರಾತ್ರಿ ಎರಡೂ ಹೊತ್ತಿನ ವೋಲ್ಟೇಜ್ ಬರೆದಿಟ್ಟುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಕೊಡಿ. ಸುಮ್ನೆ ‘ಕರೆಂಟ್ ಡಲ್ಲು’ ಅನ್ನುವುದಕ್ಕಿಂತ ಅಂಕಿಗೆ ತೂಕ ಜಾಸ್ತಿ.

ವೋಲ್ಟೇಜ್ ಸರಿ ಇದ್ದೂ ಪ್ಲಗ್ ಬಿಸಿಯಾಗುತ್ತಿದ್ದರೆ ತಡ ಮಾಡಬೇಡಿ. ಸಾಕೆಟ್ಟಿನ ಹಿಡಿತ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ರೋಧ ಸೇರಿಕೊಂಡಿದೆ ಅನ್ನಿ. ರೋಧ ಮತ್ತು ಆಂಪಿಯರ್ ಗೊತ್ತಿದ್ದರೆ ಆಂಪಿಯರನ್ನು ಅದರಿಂದಲೇ ಗುಣಿಸಿ, ಆಮೇಲೆ ಓಮ್‌ನಿಂದ ಗುಣಿಸಿ. 8.7 ಗುಣಿಸು 8.7 ಗುಣಿಸು 0.5, ಅಂದರೆ 38 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಜಾಸ್ತಿ ಶಾಖ ನಿಮ್ಮ ಪ್ಲಾಸ್ಟಿಕ್ ಪ್ಲಗ್ಗಿನೊಳಗೆ. ಕಪ್ಪಗಾದ ಪಿನ್ ಕಂಡರೆ ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಈ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆ, ಹೀಟರಿನಂಥ ಕಾಯಿಲ್ ಸಾಮಾನುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಹಳೇ ಫಿಲಮೆಂಟ್ ಬಲ್ಬಿಗೆ ಒಗ್ಗುವುದಿಲ್ಲ. 60 ವ್ಯಾಟಿನ ಬಲ್ಬ್ ಉರಿಯುವಾಗ ರೋಧ ಸುಮಾರು 880 ಓಮ್. ತಣ್ಣಗಿದ್ದಾಗ ಅಳೆದರೆ 100 ಕೂಡ ಇರುವುದಿಲ್ಲ. ಫ್ಯಾನು, ಮಿಕ್ಸಿಗಳಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ನಿಜವಾದ ವ್ಯಾಟಿಗಿಂತ ಜಾಸ್ತಿ ಬರುತ್ತದೆ. ಪವರ್ ಫ್ಯಾಕ್ಟರನ್ನೂ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು ಎಷ್ಟು ಅನ್ನುವ ಅಂಕಿ) ಸೇರಿಸಿ ಗುಣಿಸಬೇಕು.

ತೋಟದ ಪಂಪ್‌ಸೆಟ್ಟಿನ ಕತೆಯಂತೂ ಉಲ್ಟಾ. ವೋಲ್ಟೇಜ್ ಇಳಿದರೂ ಮೋಟರ್ ಅಷ್ಟೇ ನೀರು ಎತ್ತಲು ನೋಡುತ್ತದೆ, ಅದಕ್ಕಾಗಿ ಕರೆಂಟನ್ನು ಜಾಸ್ತಿ ಎಳೆಯುತ್ತದೆ. ವೈಂಡಿಂಗ್ ಸುಡುವುದು ಆಗಲೇ. ಅಲ್ಲಿ ರೋಧದ ಲೆಕ್ಕ ಬಿಡಿ. ಸ್ಟಾರ್ಟರ್ ಪೆಟ್ಟಿಗೆಯ ಆಂಪಿಯರ್ ಮೀಟರ್ ನೋಡಿ, ಮೋಟರಿನ ನೇಮ್ ಪ್ಲೇಟಿನಲ್ಲಿ ಕೊಟ್ಟಿರುವ ಆಂಪಿಯರಿಗೆ ಹೋಲಿಸಿ. ಅದನ್ನು ದಾಟಿಯೇ ನಿಂತಿದ್ದರೆ ಮೋಟರ್ ಆಫ್ ಮಾಡಿ, ವೋಲ್ಟೇಜ್ ಸರಿಯಾದ ಮೇಲೆ ನೀರು ಬಿಡಿ.