ಸಕ್ಕರೆ ಕಾಯಿಲೆ: ವೈದ್ಯರ ಭೇಟಿಯನ್ನು ಪೂರ್ತಿ ಬಳಸಿಕೊಳ್ಳುವುದು ಹೇಗೆ?

ಭೇಟಿಗೆ ಮುನ್ನ ಕನಿಷ್ಠ ಮೂರು ದಿನ ಊಟಕ್ಕೆ ಮೊದಲು, ಊಟ ಶುರುಮಾಡಿದ 2 ಗಂಟೆಯ ನಂತರ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ ಬರೆದಿಡಿ. ಏನು ತಿಂದಿರಿ, ಯಾವ ಮಾತ್ರೆ ತಪ್ಪಿತು ಎಂಬುದೂ ಪಕ್ಕದಲ್ಲಿರಲಿ. ಬರೀ ಬೆಳಗಿನ ಅಂಕಿ ತೋರಿಸಿದರೆ ಊಟದ ನಂತರದ ಏರಿಕೆ ವೈದ್ಯರ ಕಣ್ಣಿಗೇ ಬೀಳುವುದಿಲ್ಲ. ಪರೀಕ್ಷೆಯ ಹಿಂದಿನ ವಾರವಷ್ಟೇ ಪಥ್ಯ ಮಾಡಿ ಲಾಭವಿಲ್ಲ: ಎಚ್‌ಬಿಎ1ಸಿ (ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಹೇಳುವುದು ಸುಮಾರು ಮೂರು ತಿಂಗಳ ಲೆಕ್ಕ. ಹತೋಟಿಯಲ್ಲಿದ್ದರೆ 6 ತಿಂಗಳಿಗೊಮ್ಮೆ, ಔಷಧ ಬದಲಾಗಿದ್ದರೆ 3 ತಿಂಗಳಿಗೊಮ್ಮೆ ಮಾಡಿಸಿ. ರಕ್ತಹೀನತೆ ಇದ್ದರೆ ಮೊದಲೇ ತಿಳಿಸಿ. ಫಲಿತಾಂಶ ದಾರಿ ತಪ್ಪಿಸಬಹುದು.

ಇನ್ಸುಲಿನ್ ತೆಗೆದುಕೊಳ್ಳುವವರು ಚುಚ್ಚುವ ಜಾಗವನ್ನು ನರ್ಸ್‌ಗೆ ಮುಟ್ಟಿ ನೋಡಲು ಹೇಳಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಪ್ರತಿಸಲ ಬೆರಳಗಲ ಸರಿಸಿ ಚುಚ್ಚಿ. ಗಂಟು ಬಿಟ್ಟು ಹೊಸ ಜಾಗಕ್ಕೆ ಬಂದಾಗ ಅದೇ ಡೋಸ್‌ಗೆ ಸಕ್ಕರೆ ಕುಸಿಯಬಹುದು, ಆದ್ದರಿಂದ ಎಷ್ಟು ಇಳಿಸಬೇಕೆಂದು ಮೊದಲೇ ಕೇಳಿ.

ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಪಾದದ ಸ್ಪರ್ಶಜ್ಞಾನವನ್ನು 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ನೋಡುತ್ತಾರೆ. ಯಾರೂ ಕೇಳದಿದ್ದರೂ ಕಾಲುಚೀಲ ಬಿಚ್ಚಿ ಕೂರಿ.

ಜ್ವರ, ವಾಂತಿಯ ದಿನಗಳಿಗೆ ಏನು ಮಾಡಬೇಕೆಂದು ಬರೆಸಿಕೊಳ್ಳಿ: ಯಾವ ಮಾತ್ರೆ ನಿಲ್ಲಿಸಬೇಕು, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಹೆಚ್ಚುವ ಆಮ್ಲ) ಯಾವಾಗ ನೋಡಬೇಕು, ರಾತ್ರಿ ಯಾರಿಗೆ ಕರೆ ಮಾಡಬೇಕು. ಟೈಪ್ 1 (ದೇಹ ಇನ್ಸುಲಿನ್ ಬಹುತೇಕ ತಯಾರಿಸದ ಬಗೆ) ಇರುವವರು ಊಟ ಸೇರದಿದ್ದರೂ ಬೇಸಲ್ ಇನ್ಸುಲಿನ್, ಅಂದರೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಬಿಡುವಂತಿಲ್ಲ.