ಟೈಟಾನಿಯಂ-ಜಿರ್ಕೋನಿಯಂ-ನಿಕ್ಕಲ್ ಕ್ವಾಸಿಕ್ರಿಸ್ಟಲ್‌ಗೆ ಜಲಜನಕ ತುಂಬಿಸಿ ಅಳೆಯುವುದು

ಕ್ವಾಸಿಕ್ರಿಸ್ಟಲ್ ಎಂದರೆ ಪರಮಾಣುಗಳು ಕ್ರಮವಾಗಿ ಜೋಡಣೆಯಾಗಿದ್ದರೂ ಆ ವಿನ್ಯಾಸ ಒಂದೇ ಅಂತರದಲ್ಲಿ ಮರುಕಳಿಸದ ಘನವಸ್ತು. ಇಲ್ಲಿ ನೂರು ಪರಮಾಣುಗಳಲ್ಲಿ ಟೈಟಾನಿಯಂ 45, ಜಿರ್ಕೋನಿಯಂ 38, ನಿಕ್ಕಲ್ 17. 10 ಗ್ರಾಂ ಮಿಶ್ರಲೋಹಕ್ಕೆ ಕ್ರಮವಾಗಿ 3.25, 5.24, 1.51 ಗ್ರಾಂ ತೂಗಿ. ಆರ್ಗಾನ್ ತುಂಬಿದ ಆರ್ಕ್ ಕುಲುಮೆಯಲ್ಲಿ (ವಿದ್ಯುತ್ ಕಿಡಿಯಿಂದ ಕರಗಿಸುವ ಕುಲುಮೆ) ಲೋಹದ ಗುಂಡನ್ನು ಮಗುಚಿ ಮಗುಚಿ ನಾಲ್ಕೈದು ಸಲ ಕರಗಿಸಿ. ಮೊದಲು ಬೇರೊಂದು ಟೈಟಾನಿಯಂ ತುಂಡು ಕರಗಿಸಿದರೆ ಉಳಿದ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ. ಆಮೇಲೆ ತಿರುಗುವ ತಾಮ್ರದ ಚಕ್ರದ ಮೇಲೆ ಸುರಿದು ತೆಳು ಪಟ್ಟಿ ಮಾಡಿ, ಕ್ವಾಸಿಕ್ರಿಸ್ಟಲ್ ಆಗಿದೆಯೇ ಎಂದು ಎಕ್ಸ್-ರೇ ವಿವರ್ತನೆಯಲ್ಲಿ ಪರೀಕ್ಷಿಸಿ.

ಪಟ್ಟಿ ಜಲಜನಕವನ್ನೇ ಮುಟ್ಟದಿದ್ದರೆ ಕಾರಣ ಬಹುತೇಕ ಮೇಲ್ಮೈಯ ಆಕ್ಸೈಡ್ ಪದರ. ಅದನ್ನು ಕೆರೆದು ತೆಗೆದು ಪೆಲೇಡಿಯಂ ಲೇಪಿಸಿ. ಪುಡಿ ಮಾಡಲೇಬೇಡಿ, ಜಿರ್ಕೋನಿಯಂ ಇರುವ ನುಣುಪು ಪುಡಿ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು. ಸುಮಾರು 250 ಡಿಗ್ರಿಯಲ್ಲಿ ತುಂಬಿಸಿ. ತೀರಾ ಹೆಚ್ಚು ಕಾಯಿಸಿದರೆ ರಚನೆ ಒಡೆದು ಲೋಹ-ಜಲಜನಕ ಸೇರಿದ ಮಾಮೂಲಿ ಹೈಡ್ರೈಡ್‌ಗಳಾಗುತ್ತವೆ, ಅವುಗಳಿಂದ ಜಲಜನಕ ಬಿಡಿಸಿಕೊಳ್ಳುವುದು ಕಷ್ಟ.

ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ಹೀರಿಕೆ ಅಳೆಯಬೇಕು. ಕಲಬುರಗಿಯಲ್ಲಿ ಈ ಅಳತೆ ಕೆಡುವುದು ಹೆಚ್ಚಾಗಿ ಬಿಸಿಲಿನಿಂದ. ಲೋಹದ ಒಂದು ಪರಮಾಣುವಿಗೆ 1.7 ಜಲಜನಕ ಪರಮಾಣು ಸೇರಿದರೆ ತೂಕದಲ್ಲಿ ಸುಮಾರು ಶೇ. 2.6. ಒಂದು ಗ್ರಾಂ ಮಾದರಿ ಒಂದು ಲೀಟರ್ ಪಾತ್ರೆಯಲ್ಲಿ ಇಳಿಸುವ ಒತ್ತಡ ಬರೀ 0.32 ಬಾರ್. ಬೆಳಿಗ್ಗೆ 30 ಡಿಗ್ರಿಯಲ್ಲಿ 10 ಬಾರ್ ತುಂಬಿಸಿದ ಪಾತ್ರೆ ಮಧ್ಯಾಹ್ನ 42 ಡಿಗ್ರಿಗೆ ಹೋದರೆ ಒತ್ತಡ 0.4 ಬಾರ್ ಏರುತ್ತದೆ, ಹೀರಿಕೆ ಪೂರ್ತಿ ಮುಚ್ಚಿಹೋಗುತ್ತದೆ. ಆದ್ದರಿಂದ 100 ಮಿಲಿಲೀಟರ್ ಪಾತ್ರೆ ಬಳಸಿ. ಆಗ ಅದೇ ಹೀರಿಕೆಗೆ 3.2 ಬಾರ್ ಇಳಿಕೆ ಕಾಣುತ್ತದೆ. ಅನಿಲದ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಪ್ರತಿ ಓದಿಗೂ ಉಷ್ಣತೆ ಬರೆದಿಡಿ. ಎಸಿ ನಂಬಬೇಡಿ, ಕರೆಂಟ್ ಹೋದರೆ ದಿನದ ಅಳತೆಯೇ ಹೋಯಿತು.

ಮಾದರಿ ಹಾಕದೆ ಒಂದು ರಾತ್ರಿ ಒತ್ತಡ ನಿಲ್ಲಿಸಿ ಸೋರಿಕೆ ನೋಡಿ. ಗಾಳಿಯಲ್ಲಿ ಶೇ. 4 ಜಲಜನಕವಿದ್ದರೂ ಹೊತ್ತಿಕೊಳ್ಳುತ್ತದೆ. ಅದು ಮೇಲಕ್ಕೇರುವುದರಿಂದ ಸೂರಿನ ಹತ್ತಿರದ ಕಿಂಡಿ ತೆರೆದಿರಲಿ.